ದೊಡ್ಡಣ್ಣ ಉಳಿಯುವುದಿಲ್ಲ ಎಂದಿದ್ದು ನಾನೇ

ಸಿನಿಮಾ, ಧಾರಾವಾಹಿಗಳ ಬಗ್ಗೆ ನಾನು ಆಡಿದ ಮಾತಿಗೆ ಇದುವರೆಗೆ ಒಬ್ಬರೂ ಎದುರಾಡಿದ್ದಿಲ್ಲ. ಇದು ಜಂಬವಲ್ಲ, ಸತ್ಯ. ನಾನು ಹಲ್ಲಿನ ಡಾಕ್ಟರು. ನನ್ನ ವಿಮರ್ಶೆ ಕೇಳುವವರೆಲ್ಲ ಬಾಯಿ ಅಗಲಿಸಿ, ಒಳಗೆ ಹತ್ತಿ ತುಂಬಿಸಿಕೊಂಡು, ತಲೆಯ ಮೇಲಿನ ದೀಪವನ್ನೇ ದಿಟ್ಟಿಸುತ್ತ ಒರಗಿರುತ್ತಾರೆ. "ಮೊನ್ನೆ ಬಂದ ಪತ್ತೇದಾರಿ ಸಿನಿಮಾ ನೋಡಿದ್ರಾ? ಮೊದಲರ್ಧ ಪರವಾಗಿಲ್ಲ. ಉಳಿದರ್ಧ ಕಿತ್ತು ಹಾಕೋದೇ ವಾಸಿ" ಎಂದರೆ "ಆಂ" ಎನ್ನುತ್ತಾರೆ. ಅದನ್ನು ನಾನು ಪೂರ್ಣ ಒಪ್ಪಿಗೆ ಎಂದೇ ತಿಳಿದುಕೊಂಡು ಬಂದಿದ್ದೇನೆ.

ಮನೆಯಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಎಲ್ಲರ ಬಾಯಿಯೂ ಖಾಲಿ. ನನ್ನ ಹೆಂಡತಿಯದು ಕನ್ನಡಕದ ಅಂಗಡಿ. ಜನ ಅವಳ ಮುಂದೆ ಕೂತು ಅಕ್ಷರ ಓದುತ್ತಾರೆ, ನನ್ನ ಮುಂದೆ ಕೂತು ನರಳುತ್ತಾರೆ. ಹಾಗಾಗಿ ಅವಳಿಗೆ ನನ್ನ ಪಾಂಡಿತ್ಯದ ಮೇಲೆ ಮೊದಲಿನಿಂದಲೂ ಅನುಮಾನ. ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೆ ನಾನು ಗಂಟಲು ಸರಿಮಾಡಿಕೊಂಡರೆ ಸಾಕು, "ರೀ, ಕೊಲೆ ಮಾಡಿದ್ದು ಯಾರು ಅಂತ ಹೇಳಿದ್ರೆ ಇವತ್ತು ನಿಮಗೆ ಊಟ ಇಲ್ಲ" ಎನ್ನುತ್ತಾಳೆ. ಕೊಲೆಗಾರನ ಹೆಸರನ್ನು ಬಾಯಲ್ಲಿಟ್ಟುಕೊಂಡು ಎಷ್ಟು ಸಂಜೆ ಕಳೆದಿದ್ದೇನೋ ನನಗೇ ಗೊತ್ತು.

ಕೊನೆಗೊಂದು ದಿನ ಶಪಥ ಮಾಡಿದೆ. ಈ ಮನೆಯಲ್ಲಿ ಒಬ್ಬರನ್ನಾದರೂ ತಿಳಿವಳಿಕೆಯುಳ್ಳ ಪ್ರೇಕ್ಷಕರನ್ನಾಗಿ ಮಾಡದಿದ್ದರೆ ಇನ್ನು ಮೇಲೆ ನಾನು ಇಕ್ಕಳ ಮುಟ್ಟುವುದಿಲ್ಲ! ಆ ಒಬ್ಬರು ಯಾರು ಎಂದು ಹೆಚ್ಚು ಯೋಚಿಸಬೇಕಾಗಲಿಲ್ಲ. ನಮ್ಮ ಜೊತೆಯಲ್ಲೇ ಇರುವ ಅತ್ತೆಗೆ ಉಳಿದ ನಾಲ್ಕು ಹಲ್ಲೂ ಹೋಗಿ, ಪೂರ್ತಿ ಹಲ್ಲು ಕಟ್ಟಬೇಕಾಗಿತ್ತು. ಅಂದರೆ ಅವರು ನನ್ನ ಕುರ್ಚಿಗೇ ಬರಬೇಕು.

ಅತ್ತೆ ಧಾರಾವಾಹಿ ನೋಡುವ ಕ್ರಮವನ್ನು ಮೊದಲು ಹೇಳಬೇಕು. ಅವರ ತಂಗಿ, ನನ್ನ ಹೆಂಡತಿಯ ಚಿಕ್ಕಮ್ಮ, ಇರುವುದು ಅರ್ಧ ದಿನದ ಪ್ರಯಾಣದಷ್ಟು ದೂರದ ಊರಿನಲ್ಲಿ. ಸಂಜೆ ಏಳಕ್ಕೆ ಅಕ್ಕತಂಗಿಯರು ಫೋನಿನ ಸ್ಪೀಕರ್ ಹಾಕಿಕೊಂಡು, ಎರಡು ಮನೆಗಳಲ್ಲಿ ಕೂತು, ಒಂದೇ ಧಾರಾವಾಹಿಯನ್ನು ಜೊತೆಯಾಗಿ ನೋಡುತ್ತಾರೆ. ಚಿಕ್ಕಮ್ಮನ ಟೀವಿಗೆ ಚಿತ್ರ ಕೆಲವು ಕ್ಷಣ ಮೊದಲೇ ಬರುತ್ತದೆ. ನಮ್ಮಲ್ಲಿ ಬಾಗಿಲು ಇನ್ನೂ ಮುಚ್ಚಿರುವಾಗಲೇ ಫೋನಿನಿಂದ "ಅಯ್ಯೋ, ಇವಳು ಯಾಕೆ ಬಂದ್ಲು" ಎಂಬ ಉದ್ಗಾರ ಕೇಳಿಸುತ್ತದೆ. ಅತ್ತೆ ದಿಂಬನ್ನು ಅಪ್ಪಿಕೊಂಡು ಸಿದ್ಧರಾಗುತ್ತಾರೆ. ಜಾಹೀರಾತು ಬಂದರೆ ಮಂಡಿನೋವು, ಸೋರುವ ನಲ್ಲಿ, ಚಿಕ್ಕಮ್ಮನ ಸೊಸೆಯ ಮುಖಭಾವ ಎಲ್ಲವೂ ಚರ್ಚೆಯಾಗುತ್ತವೆ. ನಿಜ ಹೇಳಬೇಕೆಂದರೆ ಧಾರಾವಾಹಿ ಬರುವುದೇ ಜಾಹೀರಾತಿನ ನಡುವೆ.

ಆ ಧಾರಾವಾಹಿಯಲ್ಲಿ ದೊಡ್ಡಣ್ಣ ಅಂತೊಬ್ಬನಿದ್ದ. ತಮ್ಮಂದಿರಿಗಾಗಿ ಲಾರಿ ಓಡಿಸಿ, ಮದುವೆಯನ್ನೂ ಆಗದೆ, ಕೊನೆಗೆ ಬ್ರೇಕು ಕೈಕೊಟ್ಟು ಆಸ್ಪತ್ರೆ ಸೇರಿ, ತಿಂಗಳುಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದ. ಅಷ್ಟು ದಿನ ಮಲಗಿದ್ದರೂ ಅವನ ಗಡ್ಡ ಮಾತ್ರ ಬೆಳೆದಿರಲಿಲ್ಲ. ಇದನ್ನು ನಾನು ಗಮನಿಸಿದ್ದೆ, ಹೇಳಲು ಯಾರೂ ಬಿಟ್ಟಿರಲಿಲ್ಲ.

ಆಗ ನನಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಚಿಕ್ಕಪ್ಪ, ಅಂದರೆ ಚಿಕ್ಕಮ್ಮನ ಗಂಡ, ರೈಲು ನಿಲ್ದಾಣದಲ್ಲಿ ಗಾಡಿಗಳ ಹೋಗಿಬರುವಿಕೆಯನ್ನು ಮೈಕಿನಲ್ಲಿ ಹೇಳುತ್ತಿದ್ದವರು. ಊರಿಗೆಲ್ಲ ಗೊತ್ತಿದ್ದ ಧ್ವನಿ. ಹೋದ ವರ್ಷ ಲಕ್ವ ಹೊಡೆದು ಬಲಗೈಯೂ ಮಾತೂ ಒಟ್ಟಿಗೆ ಹೋದವು. ಉಳಿದಿದ್ದು ಎರಡೇ ಪದ: "ಹೂಂ" ಮತ್ತು "ಬೇಡ". ಮಾತು ಬರಬಹುದು, ಆತುರಪಡಬೇಡಿ ಎಂದು ಡಾಕ್ಟರುಗಳು ಹೇಳಿದ್ದರು. ಇಷ್ಟು ನನಗೂ ಗೊತ್ತಿತ್ತು, ಗೊತ್ತಿಲ್ಲದ್ದು ಮುಂದಿನದು. ಚಿಕ್ಕಮ್ಮ ಕಾದು ಕಾದು, ಮನಸ್ಸಿಗೊಂದು ಆಸರೆ ಬೇಕಾಗಿ, ದೊಡ್ಡಣ್ಣನನ್ನು ಹಿಡಿದುಕೊಂಡುಬಿಟ್ಟಿದ್ದರು. "ಅವನು ಕಣ್ಣು ಬಿಟ್ಟ ದಿನ ನಮ್ಮವರೂ ಮಾತಾಡ್ತಾರೆ ಕಣೇ ಅಕ್ಕಾ" ಎಂದಿದ್ದರಂತೆ. ಇದು ಅಕ್ಕನಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಈ ನಂಟು ತಿಳಿಯದ ಮಹಾವಿಮರ್ಶಕ ಅಂದು ಅತ್ತೆಯ ಬಾಯಿಯ ಅಚ್ಚು ತೆಗೆಯಲು ನಿಂತ. ಗುಲಾಬಿ ಬಣ್ಣದ ಮೆತ್ತನೆಯ ಹಿಟ್ಟನ್ನು ತಟ್ಟೆಗೆ ತುಂಬಿ ಒಸಡಿಗೆ ಒತ್ತಿ ಹಿಡಿಯಬೇಕು. ಅದು ಗಟ್ಟಿಯಾಗುವವರೆಗೆ ಬಾಯಿ ಅಲ್ಲಾಡಿಸುವಂತಿಲ್ಲ. ಇಂಥ ಶ್ರೋತೃ ಯಾವ ಭಾಷಣಕಾರನಿಗೆ ಸಿಗುತ್ತಾರೆ?

"ಅತ್ತೆ, ನಿಮ್ಮ ದೊಡ್ಡಣ್ಣ ಉಳಿಯೋದಿಲ್ಲ" ಎಂದೆ.

"ಊಂ?"

"ಮುಂದಿನ ವಾರ ಧಾರಾವಾಹಿ ಮುಗಿಯುತ್ತೆ. ಅವನು ಎದ್ದು ಕೂತ್ರೆ ತಮ್ಮಂದಿರ ಜಗಳ ಹಾಗೇ ಉಳಿಯುತ್ತೆ. ಸತ್ರೆ ಎಲ್ಲರೂ ತಬ್ಬಿಕೊಂಡು ಅಳ್ತಾರೆ, ಒಂದು ಹಾಡು ಬರುತ್ತೆ, ಮುಗೀತು. ಕಥೆಗಾರನಿಗೆ ಬೇರೆ ದಾರಿನೇ ಇಲ್ಲ."

ಅತ್ತೆ ನನ್ನ ಕೋಟನ್ನು ಹಿಡಿದು ಜಗ್ಗಿದರು. ಮೆಚ್ಚಿಕೊಂಡರು ಎಂದುಕೊಂಡೆ. ಕಣ್ಣಂಚಿನಿಂದ ನೀರಿಳಿಯಿತು. ಹಿಟ್ಟು ಗಂಟಲಿಗೆ ತಾಗಿರಬೇಕು ಎಂದುಕೊಂಡು "ಮೂಗಲ್ಲಿ ಉಸಿರಾಡಿ ಅತ್ತೆ" ಎಂದೆ. ಅಚ್ಚು ಹೊರಬಂದ ಕೂಡಲೇ ಅವರು ಕೇಳಿದ್ದು ಒಂದೇ ಮಾತು. "ಖಂಡಿತಾನಾ?"

"ನೂರಕ್ಕೆ ನೂರು" ಎಂದೆ. ಅಚ್ಚು ಬಹಳ ಚೆನ್ನಾಗಿ ಬಂದಿತ್ತು.

ಅಂದು ಸಂಜೆ ಏಳಕ್ಕೆ ಫೋನು ಬಡಿದುಕೊಂಡಿತು. ಅತ್ತೆ ಎತ್ತಲಿಲ್ಲ. ಕೈಸನ್ನೆ ಮಾಡಿ ಮಗಳ ಕೈಲಿ ಎತ್ತಿಸಿ, "ಬಾಯಿಗೆ ಏನೋ ಹಾಕಿದಾರೆ, ಡಾಕ್ಟರು ಮಾತಾಡಬಾರದು ಅಂದಿದಾರೆ ಅಂತ ಹೇಳು" ಎಂದು ಪಿಸುಗುಟ್ಟಿದರು. ಮರುದಿನವೂ ಅದೇ ಕಥೆ, ಅದರ ಮರುದಿನವೂ ಅದೇ. ತಂಗಿಯ ಹತ್ತಿರ ಅವರು ಹುಟ್ಟಿದಾಗಿನಿಂದ ಏನನ್ನೂ ಬಚ್ಚಿಟ್ಟವರಲ್ಲ. ಬಾಯಿ ಬಿಟ್ಟರೆ ದೊಡ್ಡಣ್ಣನ ಸಾವು ಹೊರಬೀಳುತ್ತದೆ ಎಂದು ಬಾಯನ್ನೇ ಮುಚ್ಚಿಕೊಂಡಿದ್ದರು.

ನಾಲ್ಕನೆಯ ದಿನ ಚಿಕ್ಕಮ್ಮ ನೇರವಾಗಿ ಕ್ಲಿನಿಕ್ಕಿಗೇ ಫೋನ್ ಮಾಡಿದರು.

"ಅಳಿಯಂದ್ರೇ, ನನ್ನಾಣೆ, ನಿಜ ಹೇಳಿ. ಅಕ್ಕನ ಬಾಯಲ್ಲಿ ಏನಾಗಿದೆ?"

"ಏನೂ ಇಲ್ಲ ಚಿಕ್ಕಮ್ಮ. ಹಲ್ಲೂ ಇಲ್ಲ."

"ಮತ್ತೆ ಮಾತೇ ಆಡಬಾರದು ಅಂದಿದೀರಂತೆ?"

ನಾನು ಹಾಗೆ ಅಂದ ನೆನಪಿರಲಿಲ್ಲ. ಆದರೆ ಕುರ್ಚಿಯಲ್ಲಿ ರೋಗಿ ಒರಗಿದ್ದಾರೆ, ಡಾಕ್ಟರಾದವನು ತನ್ನ ಸಲಹೆಯೇ ತನಗೆ ಗೊತ್ತಿಲ್ಲ ಎನ್ನುವುದು ಹೇಗೆ? ಗಂಭೀರವಾದ ಧ್ವನಿ ತೆಗೆದು "ನೋಡೋಣ" ಎಂದೆ.

ವೈದ್ಯರ ಬಾಯಿಂದ ಬರುವ ಮಾತುಗಳಲ್ಲಿ "ನೋಡೋಣ" ಎನ್ನುವಷ್ಟು ಭಯಂಕರವಾದದ್ದು ಇನ್ನೊಂದಿಲ್ಲ. ಚಿಕ್ಕಮ್ಮ ಫೋನಿಟ್ಟುಬಿಟ್ಟರು. ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನು ಬಂತು.

"ರೀ, ಚಿಕ್ಕಮ್ಮ ಅಳ್ತಾ ಇದಾರೆ. ಅಮ್ಮನಿಗೆ ಬಾಯಿ ಕ್ಯಾನ್ಸರ್ ಅಂತ ನೀವು ಹೇಳಿದ್ರಂತೆ?"

"ನಾನು ನೋಡೋಣ ಅಂದೆ, ಅಷ್ಟೇ!"

"ಮನೆಗೆ ಬನ್ನಿ. ನಾನೂ ನೋಡ್ತೀನಿ."

ಮನೆಗೆ ಹೋಗುವಷ್ಟರಲ್ಲಿ ಅವಳು ತಾಯಿಯಿಂದ ಎಲ್ಲವನ್ನೂ ಬಾಯಿ ಬಿಡಿಸಿದ್ದಳು. ಚಿಕ್ಕಪ್ಪನ ಮಾತಿಗೂ ದೊಡ್ಡಣ್ಣನ ಕಣ್ಣಿಗೂ ಚಿಕ್ಕಮ್ಮ ಹಾಕಿದ್ದ ಗಂಟು ನನಗೆ ತಿಳಿದದ್ದು ಆಗ. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ನೀವು ಎರಡನ್ನೂ ಒಟ್ಟಿಗೆ ಮಾಡಿದೀರಿ" ಎಂದಳು. ಚಿಕ್ಕಪ್ಪನ ಧ್ವನಿಯನ್ನು ನಾನೂ ಎಷ್ಟೋ ಸಲ ನಿಲ್ದಾಣದಲ್ಲಿ ನಿಂತು ಕೇಳಿದ್ದೆ.

ಸರಿ, ಸತ್ತವನನ್ನು ಬದುಕಿಸುವ ಕೆಲಸಕ್ಕೆ ತೊಡಗಿದೆ. "ಅತ್ತೆ, ನಾನು ಮತ್ತೆ ಯೋಚಿಸಿದೆ. ದೊಡ್ಡಣ್ಣ ಬದುಕ್ತಾನೆ. ನಿನ್ನೆ ಅವನ ಹಾಸಿಗೆಗೆ ಹೊಸ ಹೊದಿಕೆ ಹಾಕಿದ್ರು, ನೋಡಿದ್ರಾ? ಸಾಯೋನಿಗೆ ಯಾರಾದ್ರೂ ಹೊಸ ಹೊದಿಕೆ ಹಾಕ್ತಾರಾ?"

ಅತ್ತೆ ಬೊಚ್ಚುಬಾಯಲ್ಲಿ ನಿಟ್ಟುಸಿರಿಟ್ಟರು. "ನನ್ನ ಮುಂದಿನ ಹಲ್ಲು ಉಳಿಯಲ್ಲ ಅಂದ್ರಿ, ಉಳೀಲಿಲ್ಲ. ದವಡೆ ಹಲ್ಲು ಉಳಿಯಲ್ಲ ಅಂದ್ರಿ, ಅದೂ ಉಳೀಲಿಲ್ಲ. ನೀವು ಹೇಳಿದ ಮೇಲೆ ಮುಗೀತು ಅಳಿಯಂದ್ರೇ."

ಇಷ್ಟು ವರ್ಷ ಯಾರಾದರೂ ನನ್ನ ವಿಮರ್ಶೆಯನ್ನು ನಂಬಲಿ ಎಂದು ಹಂಬಲಿಸಿದವನಿಗೆ ಕೊನೆಗೂ ನಂಬುವವರೊಬ್ಬರು ಸಿಕ್ಕಿದ್ದರು. ಎಷ್ಟು ಅಲ್ಲಾಡಿಸಿದರೂ ಅವರ ನಂಬಿಕೆ ಕೀಳಲು ಬರಲಿಲ್ಲ.

ಧಾರಾವಾಹಿಯ ಕೊನೆಯ ಸಂಜೆ ನಮ್ಮ ಮನೆಯ ಮುಂದೆ ಬಾಡಿಗೆ ವ್ಯಾನೊಂದು ನಿಂತಿತು. ಚಿಕ್ಕಮ್ಮ ಇಳಿದರು; ಕ್ಯಾನ್ಸರ್ ಏನೂ ಇಲ್ಲ ಎಂದು ನನ್ನ ಹೆಂಡತಿ ಫೋನಿನಲ್ಲಿ ಎಷ್ಟು ಹೇಳಿದ್ದರೂ ಅವರು ನಂಬಿರಲಿಲ್ಲ. ಹಿಂದೆಯೇ ಗಾಲಿಕುರ್ಚಿಯಲ್ಲಿ ಚಿಕ್ಕಪ್ಪ. ಬಿಟ್ಟುಬರಲು ಮನಸ್ಸಾಗದೆ ಕರೆದುಕೊಂಡೇ ಬಂದಿದ್ದರು. ಒಳಗೆ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು, ಅಕ್ಕನನ್ನು ದೀಪದ ಕೆಳಗೆ ನಿಲ್ಲಿಸಿ, "ತೆಗಿ ಬಾಯಿ" ಎಂದರು. ಮೇಲೆ, ಕೆಳಗೆ, ಎಡಗಡೆ, ಬಲಗಡೆ ನೋಡಿದರು. ಅಷ್ಟು ಶ್ರದ್ಧೆಯಿಂದ ನಾನೂ ನೋಡಿದ್ದಿಲ್ಲ.

"ಏನೂ ಇಲ್ಲವಲ್ಲೇ. ಮತ್ಯಾಕೆ ನನ್ನ ಹತ್ರ ಮಾತು ಬಿಟ್ಟೆ?"

ಅತ್ತೆ ತಡೆಯಲಾರದೆ ಬಿಕ್ಕಿದರು. "ದೊಡ್ಡಣ್ಣ ಉಳಿಯಲ್ಲವಂತೆ ಕಣೇ, ಅಳಿಯಂದ್ರು ಅಂದ್ರು. ನಿನಗೆ ಹೆಂಗೆ ಹೇಳಲಿ?"

ಚಿಕ್ಕಮ್ಮನಿಗೆ ತಕ್ಷಣ ಅರ್ಥವಾಯಿತು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಗಂಡನ ಪಕ್ಕದಲ್ಲಿ ಕೂತು, ಅವರ ಬಲಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ನಾನು ಮುಂದೆ ಹೋಗಿ, "ಚಿಕ್ಕಮ್ಮ, ನಾನು ಹಲ್ಲಿನ ಡಾಕ್ಟರು. ನನಗೆ ಧಾರಾವಾಹಿ ಗೀರಾವಾಹಿ ಏನೂ ತಿಳಿಯಲ್ಲ" ಎಂದೆ. ಈ ಮಾತನ್ನು ಹೆಂಡತಿಯ ಎದುರಿಗೆ ಹೇಳಬೇಕಾಗಿ ಬಂತಲ್ಲ!

"ಏಳಾಯ್ತು. ಹಾಕೇ ಅಕ್ಕಾ. ಬಂದದ್ದು ಬರಲಿ" ಎಂದರು ಚಿಕ್ಕಮ್ಮ.

ಹಾಕಿದರು. ದೊಡ್ಡಣ್ಣನ ಹಾಸಿಗೆಯ ಸುತ್ತ ತಮ್ಮಂದಿರು ನಿಂತರು. ಯಂತ್ರದಲ್ಲಿ ಗೆರೆ ಏರಿತು, ಇಳಿಯಿತು. ಡಾಕ್ಟರು ಕನ್ನಡಕ ತೆಗೆದರು. ಕನ್ನಡಕ ತೆಗೆದರೆ ಸಾವು ಖಚಿತ ಎನ್ನುವುದು ನನ್ನ ಹಳೆಯ ಸಿದ್ಧಾಂತ. ತುಟಿ ಕಚ್ಚಿಕೊಂಡು ಸುಮ್ಮನಿದ್ದೆ. ಅಷ್ಟರಲ್ಲಿ ಪರದೆಯ ಮೇಲೆ ಸೋಪಿನ ಜಾಹೀರಾತು ಬಂತು. ಎಂದೂ ಜಾಹೀರಾತಿನಲ್ಲಿ ಸುಮ್ಮನಿರದ ಅಕ್ಕತಂಗಿಯರು ಉಸಿರೆತ್ತಲಿಲ್ಲ. ದೊಡ್ಡಣ್ಣ, ಹೇಗಾದರೂ ಮಾಡಿ ಏಳಪ್ಪಾ, ನನ್ನ ವಿಮರ್ಶೆ ಹಾಳಾಗಿ ಹೋಗಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಆಗ ಗಾಲಿಕುರ್ಚಿಯಿಂದ ಒಂದು ಧ್ವನಿ ಬಂತು. ಒರಟಾಗಿತ್ತು, ತಡವರಿಸುತ್ತಿತ್ತು, ಆದರೆ ಅದೇ ಹಳೆಯ ಗತ್ತು.

"ಅವನು... ಸಾಯಲಿ ಬಿಡು. ವಾರ್ತೆ... ಹಾಕು."

ಚಿಕ್ಕಮ್ಮ ಮೆಲ್ಲಗೆ ತಿರುಗಿ, "ಏನಂದ್ರಿ?" ಎಂದರು.

"ವಾರ್ತೆ" ಎಂದರು ಚಿಕ್ಕಪ್ಪ, ಬೇಸರದಿಂದ. ಪಾಪ, ಇಷ್ಟು ತಿಂಗಳೂ ಪ್ರತಿ ಸಂಜೆ ಅವರು "ಬೇಡ, ಬೇಡ" ಎಂದದ್ದು ಯಾವುದಕ್ಕೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಚಿಕ್ಕಮ್ಮ ಅತ್ತರು, ನಕ್ಕರು, ಮತ್ತೆ ಅತ್ತರು. "ಹಾಕೇ ಅಕ್ಕಾ, ವಾರ್ತೆ ಹಾಕೇ" ಎಂದರು. ಮೂರು ವರ್ಷ ಬಿಡದೆ ನೋಡಿದ ಧಾರಾವಾಹಿಯ ಕೊನೆಯ ಕಾಲುಗಂಟೆಯನ್ನು ಅತ್ತೆ ಒಂದು ಗುಂಡಿ ಒತ್ತಿ ಮುಗಿಸಿದರು. ದೊಡ್ಡಣ್ಣ ಸತ್ತನೋ ಬದುಕಿದನೋ ನಮ್ಮ ಮನೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ, ಒಬ್ಬನನ್ನು ಬಿಟ್ಟು.

"ಒಂದೇ ನಿಮಿಷ, ಅತ್ತೆ" ಎಂದೆ ನಾನು. "ಕೊನೆಗೆ ಏನಾಯ್ತು ಅಂತ ನೋಡಿಬಿಡೋಣ. ಯಾಕಂದ್ರೆ ಕಥೆಯ ದೃಷ್ಟಿಯಿಂದ..."

ಚಿಕ್ಕಪ್ಪ ಕತ್ತು ತಿರುಗಿಸಿದರು. ನನ್ನ ಮದುವೆಯಾದಾಗಿನಿಂದ ಒಮ್ಮೆಯೂ "ನೀವು" ತಪ್ಪದ ಮನುಷ್ಯ.

"ಬಾಯಿ ಮುಚ್ಚಯ್ಯಾ."

"ಆಹಾ, ಎಷ್ಟು ಸ್ಪಷ್ಟವಾಗಿ ಬಂತು!" ಎಂದಳು ಹೆಂಡತಿ. ಅತ್ತೆ ಕೈಮುಗಿದರು. ಚಿಕ್ಕಮ್ಮ ಕಣ್ಣೊರೆಸಿಕೊಳ್ಳುತ್ತ, "ರೀ, ಇನ್ನೊಂದ್ಸಲ ಹೇಳ್ರೀ" ಎಂದು ಅಂಗಲಾಚಿದರು. ಅವರು ಹೇಳಿದರು. ಈ ಸಲ ತಡವರಿಸಲೂ ಇಲ್ಲ.

ಊರಿಗೆ ಹೊರಡುವಾಗ ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡರು. "ಅಳಿಯಂದ್ರೇ, ನೀವು ಮಾತಾಡಿದ್ರೆ ಅವರಿಗೆ ಮಾತು ಬರುತ್ತೆ. ದಿನಾ ಸಂಜೆ ಫೋನ್ ಮಾಡಿ, ಯಾವುದಾದ್ರೂ ಸಿನಿಮಾ ಬಗ್ಗೆ ನಿಮ್ಮ ಅಭಿಪ್ರಾಯ ಹೇಳಿ." ತಪ್ಪದೆ ಮಾಡುತ್ತಿದ್ದೇನೆ. ಬಹಳ ಗುಣ ಕಾಣುತ್ತಿದೆಯಂತೆ. ನಿನ್ನೆಯಂತೂ ನಾನು ಇನ್ನೂ ಮೊದಲರ್ಧದಲ್ಲಿರುವಾಗಲೇ ಚಿಕ್ಕಪ್ಪನ ಬಾಯಿಂದ ಹೊಚ್ಚಹೊಸದೊಂದು ಪದ ಬಂತು. ಚಿಕ್ಕಮ್ಮ ಸಂತೋಷದಿಂದ ಅದನ್ನು ಎಲ್ಲರಿಗೂ ಫೋನ್ ಮಾಡಿ ಹೇಳುತ್ತಿದ್ದಾರೆ. ಅಚ್ಚಿನಲ್ಲಿ ಹಾಕುವಂಥ ಪದವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿಲ್ಲ.