ಬಲಗಡೆಯ ಹೂವು

ಎಸ್ಸೆಸ್ಸೆಲ್ಸಿ ಪಾಸಾದದ್ದೇ ಉಜ್ಜನಪ್ಪನ ಕಷ್ಟಕ್ಕೆ ಮೂಲವಾಯಿತು. ಫೇಲಾಗಿದ್ದರೆ ಭದ್ರಾವತಿಯ ನ್ಯೂ ಟೌನಿನಲ್ಲೇ ನೆಮ್ಮದಿಯಾಗಿ ಇನ್ನೊಂದು ವರ್ಷ ಕಳೆಯುತ್ತಿದ್ದ. ಈಗ ಕಾಲೇಜು ಸೇರಬೇಕು. ಅವನಿಗೆ ಮೈಸೂರಿನ ಹಾಸ್ಟೆಲ್ಲಿನ ಮೇಲೆ ಕಣ್ಣು. ಸೋದರಮಾವ ಶಿವಯೋಗಪ್ಪನವರಿಗೋ ಹುಡುಗ ಶಿವಮೊಗ್ಗದಲ್ಲಿ, ದುರ್ಗಿಗುಡಿಯ ತಮ್ಮ ಮನೆಯಲ್ಲಿದ್ದುಕೊಂಡೇ ಓದಬೇಕೆಂಬ ಹಟ. ಅವರು ರಿಟೈರಾದ ಗಣಿತದ ಮೇಷ್ಟ್ರು. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ, ಹಲ್ಲುಜ್ಜುವುದಕ್ಕೂ ಮೊದಲು ಮಗ್ಗಿ ಕೇಳುವ ಆಸಾಮಿ.

ಅಪ್ಪ ವೀರಪ್ಪ ಕಾರ್ಖಾನೆಯಲ್ಲಿ ಕಾದ ಕಬ್ಬಿಣಕ್ಕೆ ಹೆದರಿದವರಲ್ಲ. ಹೆಂಡತಿಯ ಅಣ್ಣನೆದುರು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಕೊನೆಗೆ, "ವೀರಭದ್ರನ್ನೇ ಪ್ರಸಾದ ಕೇಳಿಬಿಡೋಣ. ಬಲಗಡೆ ಹೂ ಬಿದ್ರೆ ಹೂಂ, ಎಡಗಡೇದು ಬಿದ್ರೆ ಬೇಡ" ಎಂದರು. ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳುವುದು ಪದ್ಧತಿ. ತಾನು ಆಸೆಪಟ್ಟ ಮೈಸೂರನ್ನೇ ಅಪ್ಪ ಕೇಳುತ್ತಾರೆಂದುಕೊಂಡ ಉಜ್ಜನಪ್ಪ, ಬೆಳಿಗ್ಗೆಯೇ ಪೀರ್ ಬಾಷಾನ ಸೈಕಲ್ ಶಾಪಿಗೆ ಹೋಗಿ ಪಂಚರ್ ಅಂಟಿಸುವ ಸಲ್ಯೂಷನ್ ಕೇಳಿದ.

"ಸೈಕಲ್ಲೇ ಇಲ್ವಲ್ಲ ಮಾರಾಯ, ಪಂಚರ್ ಎಲ್ಲಾಗಿದೆ?"

"ನಂದೇ ಆಗೋ ಹಾಗಿದೆ ಭಾಯ್, ಕೊಡಿ."

ಗುಡಿಯಲ್ಲಿ ಅರ್ಚಕ ಗಣಪಯ್ಯನವರು ಸೊಂಟ ಹಿಡಿದುಕೊಂಡು ಕೂತಿದ್ದರು. "ನೀನೇ ಹೂ ಇಡಪ್ಪ. ಎಡಗಡೇದು ಮಾತ್ರ ಸಡಿಲ ಇರ್ಲಿ. ನಿಮ್ಮಪ್ಪ ಆಗ್ಲೇ ಬಂದು ಹೇಳಿ ಹೋದ್ರು" ಎಂದರು.

ಎಡಗಡೆಯೆಂದರೆ ಮೈಸೂರು ಬೇಡವೆಂದೇ ಅರ್ಥ, ಎಂದುಕೊಂಡ ಉಜ್ಜನಪ್ಪ. ಅಪ್ಪ ಮಾವನ ಕಡೆ ಸೇರಿಬಿಟ್ಟರಲ್ಲ. ಸಿಟ್ಟಿನಲ್ಲಿ ಇಡೀ ಟ್ಯೂಬನ್ನು ಎಡಗಡೆಯ ದಾಸವಾಳಕ್ಕೇ ಹಿಂಡಿ ದೇವರ ಭುಜಕ್ಕೆ ಒತ್ತಿದ.

ಶಿವಮೊಗ್ಗದ ರೈಲಿಳಿದು ಮಾವ ಬಂದರು. ಕೇರಿಯವರೆಲ್ಲ ಸೇರಿದರು. ವೀರಪ್ಪ ಕಣ್ಣು ಮುಚ್ಚಿ ಕೇಳಿಕೊಂಡರು. ಅರ್ಧ ಗಂಟೆಯಾದರೂ ಯಾವ ಹೂವೂ ಬೀಳಲಿಲ್ಲ. ಉಜ್ಜನಪ್ಪನ ಹೆಬ್ಬೆರಳಿನ ಅಂಟು ಬಲಗಡೆಯದಕ್ಕೂ ತಾಗಿತ್ತು. ಗರ್ಭಗುಡಿ ಸೈಕಲ್ ಶಾಪಿನ ಹಾಗೆ ನಾರುತ್ತಿತ್ತು. ಪಕ್ಕದ ಮನೆಯ ನಂಜಮ್ಮ, ದೇವರಿಗೂ ಮೇಷ್ಟ್ರ ಭಯ ಇದ್ದೀತೆಂದು ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದರು.

ತಡೆಯಲಾರದೆ ಉಜ್ಜನಪ್ಪ ದೊಡ್ಡ ಗಂಟೆಗೆ ಜೋತುಬಿದ್ದು, ಊರಿಗೇ ಬೆಂಕಿ ಬಿದ್ದಿದೆಯೇನೋ ಎಂಬಂತೆ ಬಾರಿಸಿದ. ಬಲಗಡೆಯ ಹೂ ಟಪ್ಪೆಂದು ಬಿತ್ತು.

ಅವನು ಕುಣಿಯಬೇಕೆಂದು ತಿರುಗಿದರೆ ಅಪ್ಪನ ಮುಖ ವಿಭೂತಿಗಿಂತ ಬಿಳಿಚಿಕೊಂಡಿತ್ತು.

"ಏನ್ ಕೇಳ್ಕೊಂಡ್ರಿ ವೀರಪ್ಪ?" ಎಂದರು ಮಾವ.

"ಇವನನ್ನ ನಿಮ್ಮನೇಲಿ ಬಿಡ್ಲಾ... ಅಂತ."

ಮಾವ ಗದ್ಗದಿತರಾಗಿ ಅಡ್ಡಬಿದ್ದರು. ಆ ಸಂದಿನಲ್ಲಿ ಅಪ್ಪ ಮಗನ ಕಿವಿಗೆ ಬಾಗಿದರು. "ಮೈಸೂರಿಗೇ ಕಳಿಸ್ಬೇಕು ಅಂತಿದ್ದೆ ಕಣೋ. ನಿಮ್ಮ ಮಾವಂಗೆ ಬೇಡ ಅನ್ನೋಕೆ ನಂಗೆ ಧೈರ್ಯ ಇಲ್ಲ, ದೇವರೇ ಅನ್ಲಿ ಅಂತ ಎಡಗಡೇದನ್ನ ಸಡಿಲ ಇಡ್ಸಿದ್ದೆ. ಹೇಗೆ ಬೀಳ್ಲಿಲ್ವೋ?"

ಉಜ್ಜನಪ್ಪ ಅಂಟಂಟಾದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಎದ್ದ ಮಾವ ಎಡಭುಜದ ದಾಸವಾಳವನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದರು. ಅದು ಮಿಸುಕಲಿಲ್ಲ. "ಇಷ್ಟು ಗಟ್ಟಿ ಅಪ್ಪಣೆ ನನ್ನ ಜನ್ಮದಲ್ಲೇ ಕಂಡಿಲ್ಲ. ಸಂಜೆ ಗಾಡಿಗೇ ಹೊರಡೋ. ದೇವರಿಗೆ ಕೈ ಮುಗಿ."

ಉಜ್ಜನಪ್ಪ ಮುಗಿದ. ಮುಗಿದ ಕೈ ಮತ್ತೆ ಬಿಡಿಸಿಕೊಳ್ಳಲು ಬರಲಿಲ್ಲ.