ಮುಂದಕ್ಕೆ ಒಂದು, ಹಿಂದಕ್ಕೆ ಮೂರು

ಒಂದೇ ಒಂದು ಸುಳ್ಳು ಹೇಳದೆ ಹಳೇ ಟ್ರ್ಯಾಕ್ಟರ್ ಮಾರಿದ ಮೊದಲ ಮನುಷ್ಯ ಈ ಭೂಮಿಯ ಮೇಲೆ ತಾವೇ ಆಗಬೇಕೆಂದು ಗಡಿಯಾರದವರು ಶನಿವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತೀರ್ಮಾನಿಸಿದರು. ಮೂವತ್ತು ವರ್ಷ ಊರಿನವರ ಕೈಗಡಿಯಾರ ರಿಪೇರಿ ಮಾಡಿ ಸಂಪಾದಿಸಿದ ಹೆಸರು ಅವರದು. ಕೇಳಿದ್ದಕ್ಕೆಲ್ಲ ನಿಜ ಹೇಳುವುದು. ಕೇಳದ್ದಕ್ಕೆ ಬಾಯಿ ಬಿಡದಿರುವುದು.

"ಕೊಳ್ಳೋರು ಅದನ್ನ ಕೇಳ್ದೇ ಹೋದ್ರೆ?" ಹೆಂಡತಿ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ವಿಚಾರಿಸಿದಳು.

"ನಾನಾಗಿ ಯಾಕೆ ಹೇಳ್ಲಿ?"

"ಮೊದ್ಲೇ ಹೇಳ್ಬಿಡಿ ರೀ. ಆಮೇಲೆ ಗೊತ್ತಾದ್ರೆ ಮುಖ ಎಲ್ಲಿಟ್ಕೋತೀರಾ?"

ಮಾರಾಟ ಮುರಿಯಬಾರದೆಂಬ ಅವಳ ಆತಂಕಕ್ಕೆ ಕಾರಣವಿತ್ತು. ಹಿತ್ತಲಿನ ಶೆಡ್ಡು ಅವಳ ಹೊಲಿಗೆ ಕೆಲಸಕ್ಕೆಂದು ಕಟ್ಟಿಸಿದ್ದು. ಅದರಲ್ಲಿ ಎರಡು ವರ್ಷದಿಂದ ಈ ಟ್ರ್ಯಾಕ್ಟರ್ ಮನೆ ಅಳಿಯನ ಹಾಗೆ ಬೀಡುಬಿಟ್ಟಿತ್ತು. ಹೊಲಿಗೆ ಯಂತ್ರ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿತ್ತು. ಸ್ನಾನಕ್ಕೆ ಹೋಗುವವರು ಉಸಿರು ಬಿಗಿಹಿಡಿದು ಅಡ್ಡಡ್ಡ ನಡೆಯಬೇಕು. ಈಗ ಶಾಲೆಯವರು ಇನ್ನೂರು ಸಮವಸ್ತ್ರ ಹೊಲಿಯಲು ಕೊಡುತ್ತೇವೆ, ಆದರೆ ಇನ್ನೆರಡು ಯಂತ್ರ ಹಾಕಲು ಜಾಗ ಇದೆಯೆಂದು ಸೋಮವಾರದೊಳಗೆ ತೋರಿಸಿ ಎಂದಿದ್ದರು. ಟ್ರ್ಯಾಕ್ಟರ್ ಹೊರಟರೆ ಸಮವಸ್ತ್ರ ಬಂತು. ಇಲ್ಲದಿದ್ದರೆ ಅದೇ ಓಣಿ.

ಟ್ರ್ಯಾಕ್ಟರ್ ನೋಡಲು ಮುದ್ದಾಗಿತ್ತು. ಐವತ್ತು ವರ್ಷ ಹಳೆಯದು, ಎತ್ತರ ಸೊಂಟದವರೆಗೆ. ಗುಜರಿಯಿಂದ ತಂದಾಗ ತುಕ್ಕಿನ ಗುಡ್ಡೆ. ಗಡಿಯಾರದವರು ಒಂದೊಂದು ಬೋಲ್ಟನ್ನೂ ಉಜ್ಜಿ ಕೆಂಪು ಬಣ್ಣ ಬಳಿದಿದ್ದರು. ಹಳೇ ಎಂಜಿನ್ ಸತ್ತಿದ್ದರಿಂದ ಒಂದು ನೀರಿನ ಪಂಪಿನ ಎಂಜಿನ್ ತಂದು ಕೂರಿಸಿದರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಒಂದೇ ತೊಡಕು: ಅದು ತಿರುಗುತ್ತಿದ್ದದ್ದು ಉಲ್ಟಾ. ಜೀವಮಾನವೆಲ್ಲ ಮುಳ್ಳುಗಳು ಬಲಕ್ಕೆ ತಿರುಗುವುದನ್ನೇ ಕಂಡವರಿಗೆ ಜಗತ್ತಿನಲ್ಲಿ ಯಾವುದಾದರೂ ಎಡಕ್ಕೂ ತಿರುಗೀತೆಂದು ಹೊಳೆದಿರಲೇ ಇಲ್ಲ. ಬಣ್ಣ ಒಣಗಿ, ಪೂಜ್ಯಭಾವದಿಂದ ಮೊದಲ ಗೇರ್ ಹಾಕಿದ ದಿನ ಟ್ರ್ಯಾಕ್ಟರ್ ಗಂಭೀರವಾಗಿ ಹಿಂದಕ್ಕೆ ಹೋಗಿ ಶೆಡ್ಡಿನ ಗೋಡೆಗೆ ಒರಗಿತು. ಮುಂದೆ ಹೋಗುವ ಮೂರೂ ಗೇರು ಹಿಂದಕ್ಕೆ. ಹಿಂದೆ ಹೋಗುವ ಒಂದೇ ಒಂದು ಗೇರು ಮುಂದಕ್ಕೆ, ಅದೂ ಇರುವೆಯ ವೇಗದಲ್ಲಿ. ಎಲ್ಲ ಬಿಚ್ಚಿ ಸರಿಮಾಡಲು ಇನ್ನೂ ಆರು ತಿಂಗಳು ಬೇಕೆಂದಾಗ ಹೆಂಡತಿ ಮೂರು ದಿನ ಮಾತು ಬಿಟ್ಟಳು. ಮಾರಲು ಒಪ್ಪಿದ ಗಡಿಯಾರದವರು, ತಗಡೂ ಸುಳ್ಳು ಹೇಳಬಾರದೆಂದು ಸಣ್ಣ ಚಿಮುಟದ ತುದಿಯಿಂದ ಗೇರಿನ ತಗಡಿನ ಮೇಲಿದ್ದ ಅಂಕಿಗಳನ್ನೆಲ್ಲ ಕೆರೆದು ಹಾಕಿದರು.

ಕೊಳ್ಳಲು ಬಂದವರು ಸಸಿಗಳ ನರ್ಸರಿ ನಡೆಸುವ, ಅರವತ್ತು ದಾಟಿದ ಹೆಂಗಸು. ಸ್ಕೂಟರಿನಿಂದ ಇಳಿದವರೇ ಟ್ರ್ಯಾಕ್ಟರಿನ ಸುತ್ತ ಮೂರು ಸುತ್ತು ಹಾಕಿದರು. ಅವರು ಬಗ್ಗಿದಾಗಲೆಲ್ಲ ಗಡಿಯಾರದವರೂ ಜೊತೆಗೇ ಬಗ್ಗುತ್ತಿದ್ದರು. ಟೈರು ಯಾವಾಗಿನದು ಎಂದರು. ಎಣ್ಣೆ ಸೋರುತ್ತದೆಯೇ ಎಂದರು. ಪ್ರತಿಯೊಂದಕ್ಕೂ ಗಡಿಯಾರದವರು ಕಟಕಟೆಯಲ್ಲಿ ನಿಂತವರಂತೆ ನಿಜವನ್ನೇ ನುಡಿದರು.

"ಎಂಜಿನ್ ಇದರದ್ದೇನಾ?"

"ಅಲ್ಲಮ್ಮ. ಬೇರೆ ಹಾಕಿದ್ದು."

"ಒಳ್ಳೇದಾಯ್ತು ಬಿಡಿ, ಹಳೇದು ಕೈ ಕೊಡುತ್ತೆ," ಎಂದು ಆಕೆ ಸೆರಗು ಸಿಕ್ಕಿಸಿ ಸೀಟಿನ ಮೇಲೆ ಹತ್ತಿ ಕೂತರು.

ಇದೇ ಸಮಯ, ಹೇಳಿಬಿಡು ಎಂದಿತು ಮನಸ್ಸು. ಗಡಿಯಾರದವರು ಬಾನೆಟ್ಟಿನ ಮೇಲಿಲ್ಲದ ಧೂಳು ಒರೆಸಿದರು. ಅಷ್ಟರಲ್ಲಿ ಎಂಜಿನ್ ಗುಡುಗಿತು, ಗೇರು ಬಿತ್ತು, ಹಿತ್ತಲಿನ ಗೇಟಿನ ಕಡೆ ಮುಖ ಮಾಡಿದ್ದ ಟ್ರ್ಯಾಕ್ಟರ್ ಮನೆಯ ಕಡೆ ಹೊರಟಿತು.

ಮೊದಲು ಬಟ್ಟೆ ಒಣಹಾಕಿದ ಹಗ್ಗ ಬಂತು. ಗಡಿಯಾರದವರ ಪಟ್ಟೆಪಟ್ಟೆ ಚಡ್ಡಿ ಆಕೆಯ ಹೆಗಲೇರಿತು. ಗೇರು ತಪ್ಪಿ ಬಿತ್ತೆಂದುಕೊಂಡ ಆಕೆ ಎರಡನೆಯದಕ್ಕೆ ತಳ್ಳಿದರು. ಟ್ರ್ಯಾಕ್ಟರ್ ಇನ್ನೂ ಹುರುಪಾಗಿ ಹಿಂದಕ್ಕೋಡಿತು. ತುಳಿದ ಬಕೆಟ್ಟು ಹಪ್ಪಳದಂತೆ ಚಪ್ಪಟೆಯಾಯಿತು. ಇದರಿಂದ ಪಾರಾಗಬೇಕಾದರೆ ಜೋರಾಗಿ ಮುಂದೆ ಹೋಗಬೇಕೆಂದು ಮೂರನೆಯದನ್ನು ಹಾಕಿದರು. ಆಮೇಲಿನದು ಟ್ರ್ಯಾಕ್ಟರಿನ ದಿಗ್ವಿಜಯ. ಗಡಿಯಾರದವರು ಕೈ ಮುಗಿದುಕೊಂಡು ಪಕ್ಕದಲ್ಲೇ ಓಡುತ್ತಿದ್ದರು. ಮುಗಿದದ್ದು ಆಕೆಗೋ, ಯಂತ್ರಕ್ಕೋ ಅವರಿಗೂ ತಿಳಿಯದು. ಅಡುಗೆಮನೆ ಬಾಗಿಲಿಗೆ ನಾಲ್ಕು ಮೊಳವಿತ್ತು. ಬಾಗಿಲಿನಾಚೆ ಹೊಲಿಗೆ ಯಂತ್ರ.

ಹೆಂಡತಿ ಹೊಸ್ತಿಲಲ್ಲಿ ನಿಂತು ಗುಂಡುಸೂಜಿ ಉಗುಳಿ ಕೂಗಿದಳು:

"ಅಕ್ಕಾ, ರಿವರ್ಸ್ ಹಾಕಿ!"

ಹಿಂದಕ್ಕೆ ಹೋಗುತ್ತಿರುವವಳಿಗೆ ರಿವರ್ಸ್ ಹಾಕೆನ್ನುವ ಹೆಂಗಸನ್ನು ಆಕೆ ಒಮ್ಮೆ ನೋಡಿದರು. ಆದರೂ ಹಾಕಿದರು. ಟ್ರ್ಯಾಕ್ಟರ್ ಒಂದು ಸಲ ಬಿಕ್ಕಳಿಸಿ, ಪಶ್ಚಾತ್ತಾಪ ಪಟ್ಟಂತೆ ಮೆಲ್ಲಗೆ ಮುಂದಕ್ಕೆ ತೆವಳಿತು.

ಎಂಜಿನ್ ಆರಿದ ಮೇಲೆ ಗಡಿಯಾರದವರು ಎಲ್ಲವನ್ನೂ ಒಪ್ಪಿಕೊಂಡರು. ಪಂಪು, ಎಡಕ್ಕೆ ತಿರುಗುವುದು, ಕೆರೆದ ಅಂಕಿಗಳು. ಪೊಲೀಸರು, ಊರ ಬಾಯಿ, ಖಾಲಿಯಾದ ಅಂಗಡಿ ಒಂದೊಂದಾಗಿ ಅವರ ಕಣ್ಣ ಮುಂದೆ ಹಾದುಹೋದವು. ಆಕೆ ಹೆಗಲ ಮೇಲಿನ ಚಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ಅವರ ಕೈಗಿಟ್ಟರು.

"ಮುಂದಕ್ಕೆ ಒಂದು, ಹಿಂದಕ್ಕೆ ಮೂರು. ಅಷ್ಟೇನಾ?"

"ಅಷ್ಟೇ ಅಮ್ಮ."

"ನನ್ನ ಸಸಿ ಸಾಲುಗಳ ಮಧ್ಯೆ ತಿರುಗಿಸೋಕೆ ಜಾಗ ಇಲ್ಲ ಕಣ್ರೀ. ನಿಧಾನಕ್ಕೆ ಒಳಗೆ ಹೋಗಿ, ಹಂಗೇ ಹಿಂದಕ್ಕೆ ಜೋರಾಗಿ ಬರಬೇಕು. ಇಂಥದ್ದನ್ನ ಎಷ್ಟು ದಿನದಿಂದ ಹುಡುಕ್ತಿದ್ದೆ. ಒಂದು ಮಾತು ಹೇಳಿದ್ರೆ ನನ್ನ ಅರ್ಧ ಜೀವ ಉಳೀತಿತ್ತು."

ಬೆಲೆಯಲ್ಲಿ ಚೌಕಾಸಿಯನ್ನೂ ಮಾಡಲಿಲ್ಲ. ಒಂದೇ ಷರತ್ತು ಹಾಕಿದರು. ಇವತ್ತು ತಾನು ಅದರ ಮೇಲೆ ಇನ್ನೊಮ್ಮೆ ಕೂರುವವಳಲ್ಲ, ಗಡಿಯಾರದವರೇ ನರ್ಸರಿಗೆ ತಲುಪಿಸಬೇಕು, ಅದೂ ಸಂಜೆಯೊಳಗೆ.

ನರ್ಸರಿ ಊರಿನ ಆ ತುದಿ. ಮುಂದಕ್ಕೆ ಹೋಗುವ ಗೇರಿನಲ್ಲಿ ಹೊರಟರೆ ನಾಳೆ ಮಧ್ಯಾಹ್ನ. ಬೇರೆ ದಾರಿಯಿಲ್ಲದೆ ಟ್ರ್ಯಾಕ್ಟರಿನ ಬೆನ್ನನ್ನು ಗೇಟಿನ ಕಡೆ ತಿರುಗಿಸಿದರು. ಆಕೆ ಸ್ಕೂಟರಿನಲ್ಲಿ ಹಾರ್ನ್ ಹೊಡೆಯುತ್ತ ದಾರಿ ಬಿಡಿಸಿದರು. ಹಿಂದಿನಿಂದ ಗಡಿಯಾರದವರು ಮೂರನೇ ಗೇರಿನಲ್ಲಿ ಬೆನ್ನು ಮುಂದಾಗಿ ಊರು ಪ್ರವೇಶಿಸಿದರು. ತಮ್ಮ ಗಿರಾಕಿಗಳೆಲ್ಲ ಅಂಗಡಿಗಳಿಂದ ಇಳಿದು ಬಂದು ನೋಡುತ್ತಿರುವುದು ಅವರಿಗೆ ಹಾದುಹೋದ ಮೇಲಷ್ಟೇ ಕಾಣುತ್ತಿತ್ತು. ನಮಸ್ಕಾರಗಳೆಲ್ಲ ತಡವಾಗಿ ತಲುಪಿದವು.

ಆದರೆ ಮನೆಯಿಂದ ಹೊರಟಾಗ ಬೀದಿಯ ತಿರುವಿನವರೆಗೂ ಮುಖ ಮನೆಯ ಕಡೆಗೇ ಇತ್ತು. ಗೇಟಿನಲ್ಲಿ ನಿಂತು ಹೆಂಡತಿ ಕೈ ಬೀಸುತ್ತಾಳೆಂದು ಅವರು ಕಾದರು. ಅವಳು ಹೊಲಿಗೆ ಯಂತ್ರವನ್ನು ಎದೆಗೆ ಅವುಚಿಕೊಂಡು ಶೆಡ್ಡಿನ ಕಡೆ ಓಡುತ್ತಿದ್ದಳು. ಅವಳ ಎರಡು ಕೈಗೂ ಬಿಡುವಿರಲಿಲ್ಲ.