ಗಡಿಯಾರದವರು ಕಳೆದ ಒಂದು ಗಂಟೆ

ಗಡಿಯಾರದವರು ತಮ್ಮ ಜನ್ಮದಲ್ಲಿ ಹಟ ಬಿಟ್ಟದ್ದು ಒಂದೇ ಒಂದು ಸಲ. ಅದೂ ಸಮುದ್ರದ ನಟ್ಟನಡುವೆ, ಹಡಗಿನ ಕೋಣೆಯಲ್ಲಿ, ಬೆಳಿಗ್ಗೆ ಆರೂ ಕಾಲಿಗೆ, ಯಾರೂ ನೋಡದಿದ್ದಾಗ. ಅಷ್ಟಕ್ಕೇ ಇಡೀ ಹಡಗಿನ ವೇಳೆ ಕೆಟ್ಟುಹೋಯಿತು.

ಹಿಂದಿನ ಸಂಜೆ ಊಟದ ಹಾಲಿನಲ್ಲಿ ಕ್ಯಾಪ್ಟನ್ ಎದ್ದುನಿಂತು ಹೇಳಿದ್ದರು: "ನಾಳೆಯಿಂದ ಹೊಸ ವೇಳೆ. ಎಲ್ಲರೂ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ. ಬೆಳಿಗ್ಗೆ ಬಂದರು ಬರುತ್ತೆ, ಇಳಿದು ತಿರುಗಾಡಿ. ಸಂಜೆ ಐದಕ್ಕೆ ಸರಿಯಾಗಿ ಏಣಿ ಎತ್ತುತ್ತೇವೆ. ಬಾರದವರನ್ನ ಕಾಯೋದಿಲ್ಲ."

ಎಲ್ಲರೂ ಮುಳ್ಳು ತಿರುಗಿಸಿದರು. ಗಡಿಯಾರದವರು ಮಾತ್ರ ಕೈಕಟ್ಟಿ ಕೂತರು.

"ಇದು ನಮ್ಮಪ್ಪನ ಕೈಗಡಿಯಾರ. ನಲವತ್ತೊಂದು ವರ್ಷ ನನ್ನ ರಿಪೇರಿ ಅಂಗಡಿ ನಡೆದದ್ದು ಇದನ್ನ ನೋಡಿಕೊಂಡು. ಊರಿನ ಶಾಲೆ ಗಂಟೆ ಹೊಡೀತಿದ್ದದ್ದೂ ಇದನ್ನ ಕೇಳಿಕೊಂಡು. ಯಾರೋ ಹೇಳಿದರು ಅಂತ ಇದರ ಮುಳ್ಳು ಮುಟ್ಟೋದಾ? ಸಾಧ್ಯವೇ ಇಲ್ಲ!"

"ಹಾಗಾದರೆ ನಾಳೆ ದಡದಲ್ಲಿ ನಿಂತು ನಮಗೆ ಕೈ ಬೀಸಿ" ಎಂದರು ಅದೇ ಮೇಜಿನ ಹೆಡ್‌ಮೇಡಂ. ಮೂವತ್ತು ವರ್ಷ ಶಾಲೆ ಆಳಿ ನಿವೃತ್ತರಾದವರು. ಈಗ ಆಳಲು ಮೇಜೊಂದೇ ಉಳಿದಿತ್ತು.

ಗಡಿಯಾರದವರ ಹೆಂಡತಿ ಗಂಡನ ಕೈಗಡಿಯಾರವನ್ನೇ ನೋಡಿದಳು. ಆಕೆ ಮಾತಾಡದಿದ್ದರೆ ಭಜನೆ ಮುಗಿದ ಮೇಲೂ ಮಿಡಿಯುವ ತಂಬೂರಿಯ ಹಾಗೆ. ಸ್ವರ ಕೇಳಿಸದಿದ್ದರೂ ಇದ್ದೇ ಇರುತ್ತದೆ. ಅಂಗಡಿಗೆ ಕೊನೆಯ ಬೀಗ ಹಾಕಿದ ದಿನ ಆಕೆ ಕೇಳಿದ್ದು ಒಂದೇ: "ಹಡಗಿನ ಪ್ರವಾಸದ ಹತ್ತು ದಿನ ಯಾರ ಗಡಿಯಾರವನ್ನೂ ಮುಟ್ಟಬಾರದು. ಹಡಗು ಬಂದರು ಬಿಡೋವಾಗ ಮುಂದಿನ ಕಟಾಂಜನದ ಹತ್ತಿರ ನನ್ನ ಪಕ್ಕ ನಿಂತಿರಬೇಕು." ಅವರು ಮಾತು ಕೊಟ್ಟಿದ್ದರು. ಆದರೆ ಹೊರಟ ದಿನ ಹಡಗು ದಡ ಬಿಟ್ಟಾಗ ಅವರು ನಡುಹಾಲಿನ ದೊಡ್ಡ ಗಡಿಯಾರದ ಟಿಕ್‌ಟಿಕ್ಕಿಗೆ ಕಿವಿಗೊಟ್ಟು ನಿಂತಿದ್ದರು. ಆಕೆ ಒಬ್ಬಳೇ ದಡವನ್ನು ಬೀಳ್ಕೊಟ್ಟಳು. ಇನ್ನುಳಿದದ್ದು ಈ ಒಂದು ಬಂದರು. ಇದಾದ ಮೇಲೆ ಮನೆಯ ತನಕ ಬರೀ ನೀರು.

ಅದಕ್ಕೇ ಬೆಳಿಗ್ಗೆ ಎದ್ದ ಗಡಿಯಾರದವರು ಮೊದಲು ಗಡಿಯಾರ ಕೈಗೆತ್ತಿಕೊಂಡರು. ಹಟಕ್ಕೆ ಬಿದ್ದು ಇವತ್ತೂ ತಪ್ಪಿಸಿದರೆ? ಹೆಂಡತಿ ಹೊರಗೆ ನಿಂತು ಉದಯ ನೋಡುತ್ತಿದ್ದಳು. ಅವರು ಅಪ್ಪನ ಕ್ಷಮೆ ಕೇಳಿ, ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ, ಗಡಿಯಾರ ಮೇಜಿನ ಮೇಲಿಟ್ಟು, ಏನೂ ಆಗದವರಂತೆ ಸ್ನಾನಕ್ಕೆ ಹೋದರು.

ತಿಂಡಿಗೆ ಹೊರಟವರು ನಡುಹಾಲಿನಲ್ಲಿ ಗಕ್ಕನೆ ನಿಂತರು. ದೊಡ್ಡ ಗಡಿಯಾರ ಒಂಬತ್ತು ತೋರಿಸುತ್ತಿತ್ತು. ಕೈಯಲ್ಲಿ ಎಂಟು.

"ನೋಡಿದೆಯಾ ಇವಳೇ! ಊರಿಗೆಲ್ಲ ಹೇಳಿ ತಾವೇ ತಿರುಗಿಸೋದು ಮರೆತಿದ್ದಾರೆ!"

"ರೀ, ಮುಟ್ಟಲ್ಲ ಅಂದಿದ್ರಿ..."

"ಇದು ರಿಪೇರಿ ಅಲ್ಲ ಕಣೇ, ಉಪಕಾರ" ಎನ್ನುತ್ತ ಅವರು ಆಗಲೇ ಸ್ಟೂಲು ಹತ್ತಿಯಾಗಿತ್ತು. ಗಾಜಿನ ಬಾಗಿಲು ತೆರೆದು ಮುಳ್ಳು ಹಿಡಿದ ಆ ಬೆರಳುಗಳನ್ನು ನೋಡಬೇಕಿತ್ತು! ಮಲಗಿದ ಮಗುವಿನ ಕೈಯಿಂದ ಆಟಿಕೆ ಬಿಡಿಸುವ ತಾಯಿಗೂ ಅಷ್ಟು ನಾಜೂಕು ಬಾರದು. ಸುತ್ತ ಜನ ಸೇರಿದರು.

"ನಾನು ರಾತ್ರಿಯೇ ತಿರುಗಿಸಿದ್ದೆ. ನನ್ನದರಲ್ಲಿ ಒಂಬತ್ತೇ ಇದೆಯಲ್ಲ?" ಎಂದರು ಹೆಡ್‌ಮೇಡಂ.

"ತಿರುಗಿಸಿದ್ದು ನಿಜ ತಾನೇ? ತಿರುಗಿಸಬೇಕು ಅಂದುಕೊಂಡು ಮಲಗಿಬಿಟ್ಟಿರಾ?"

ಹೆಡ್‌ಮೇಡಂ ಬದುಕಿನಲ್ಲಿ ಮೊದಲ ಸಲ ತಮ್ಮನ್ನೇ ಅನುಮಾನಿಸಿದರು. "ನನ್ನದೂ ಒಂಬತ್ತೇ" ಎಂದ ಹಲ್ಲಿನ ಡಾಕ್ಟರಿಗೆ ಅವರೇ ತಿರುಗಿ ಗದರಿದರು: "ಸುಮ್ಮನಿರಿ! ಹಲ್ಲಿನ ವಿಷಯ ಬಂದಾಗ ನಿಮ್ಮನ್ನ ಕೇಳ್ತೀವಿ. ಗಡಿಯಾರದ ವಿಷಯ ಅವರು ಹೇಳಿದ ಹಾಗೆ."

ಮಾತು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು. ಇನ್ನೂರು ಕೈಗಳಲ್ಲಿ ಇನ್ನೂರು ಮುಳ್ಳುಗಳು ಹಿಂದೆ ಸರಿದವು. ತಿಂಡಿ ಹಾಲಿನಲ್ಲಿ ತಟ್ಟೆ ಎತ್ತಿಡುತ್ತಿದ್ದ ಅಡಿಗೆಯವರ ಮುಖಂಡ "ಹೊತ್ತು ಮುಗೀತು" ಎಂದು ಬಾಗಿಲಲ್ಲಿ ಅಡ್ಡ ನಿಂತ. ಇನ್ನೂರು ಮುಂಗೈಗಳು ಒಟ್ಟಿಗೆ ಅವನ ಮೂಗಿನ ಮುಂದೆ ಬಂದವು. ಪಾಪ, ಮತ್ತೆ ಒಲೆ ಹಚ್ಚಿದ.

ದಡದ ಊರು ಚೆನ್ನಾಗಿತ್ತು. ಕಲ್ಲು ಹಾಸಿದ ಬೀದಿ, ಬಣ್ಣ ಬಳಿದ ಕಿಟಕಿಗಳು, ಬಲೆ ಹೆಣೆಯುತ್ತ ಕೂತ ಮುದುಕರು. ಹೆಂಡತಿ ಪ್ರತಿಯೊಂದನ್ನೂ ಮೊದಲ ಸಲ ಕಣ್ಣು ಬಿಟ್ಟವಳ ಹಾಗೆ ನೋಡಿದಳು. ಇವಳ ಜೊತೆ ನಡೆದರೆ ಮಾಮೂಲಿ ಬೀದಿಯೂ ಮೆರವಣಿಗೆ ಅನಿಸುತ್ತದಲ್ಲ, ಇಷ್ಟು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಾನು ನೋಡಿದ್ದೇನು ಎಂದು ಗಡಿಯಾರದವರಿಗೆ ಅನಿಸಿತು.

ಗುಡ್ಡದ ಮೇಲಿನ ಬೆಂಚಿನಲ್ಲಿ ಕೂತಾಗ ಆಕೆ ಹೇಳಿದಳು: "ಸೂರ್ಯ ಯಾಕೋ ಇವತ್ತು ಅವಸರದಲ್ಲಿದ್ದಾನೆ."

"ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇದೆ. ಸಮುದ್ರದ ಕಡೆ ಹಾಗೇ ಕಾಣುತ್ತೆ."

ಕೆಳಗೆ ಹಡಗು ಉದ್ದಕ್ಕೆ ಕೂಗಿತು.

"ಹಡಗು ಕರೀತಿದೆ ಕಣ್ರೀ."

"ಒಂದು ಗಂಟೆ ಮುಂಚೆ ಯಾಕೆ ಕರೆಯುತ್ತೆ? ಗಂಟಲು ಸರಿಮಾಡಿಕೊಳ್ತಿದೆ."

ಸ್ವಲ್ಪ ಹೊತ್ತಿಗೆ ಊರಿನ ಗೋಪುರದ ಗಡಿಯಾರ ಢಣ್ ಢಣ್ ಎಂದು ಐದು ಹೊಡೆಯಿತು. ಗಡಿಯಾರದವರ ಮುಖದಲ್ಲಿ ಕರುಣೆ ಮೂಡಿತು. "ಅಯ್ಯೋ, ಎಷ್ಟು ವರ್ಷದಿಂದ ಎಣ್ಣೆ ಕಂಡಿಲ್ಲವೋ. ಹತ್ತೋದಕ್ಕೆ ಮೆಟ್ಟಿಲಿದೆಯಾ ನೋಡು."

ಹೆಂಡತಿ ಅವರ ಮೊಣಕೈ ಹಿಡಿದು ಕೂರಿಸಿದಳು. "ರೀ, ಸೂರ್ಯ, ಹಡಗು, ಗೋಪುರ ಮೂರೂ ಒಟ್ಟಿಗೆ ಸುಳ್ಳು ಹೇಳ್ತಾವಾ? ನಿಜ ಹೇಳಿ. ಬೆಳಿಗ್ಗೆ ಮುಳ್ಳು ಮುಟ್ಟಿದ್ರಾ?"

ಗಡಿಯಾರದವರು ತಲೆ ತಗ್ಗಿಸಿದರು. "ಒಂದೇ ಒಂದು ಗಂಟೆ ಹಿಂದಕ್ಕಿಟ್ಟೆ ಕಣೇ. ನಿನ್ನ ಪಕ್ಕ ನಿಲ್ಲೋದು ತಪ್ಪಬಾರದು ಅಂತ."

ಆಕೆಯ ಕೈ ಸಡಿಲವಾಯಿತು. "ಅಯ್ಯೋ ದೇವರೇ! ನೀವು ಹಟದಲ್ಲಿ ಮುಟ್ಟೋದಿಲ್ಲ ಅಂದುಕೊಂಡು, ನೀವು ಸ್ನಾನಕ್ಕೆ ಹೋದಾಗ ನಾನೂ ಒಂದು ಗಂಟೆ ಹಿಂದಕ್ಕಿಟ್ಟೆ!"

ಬೈಯಲು ಇಬ್ಬರಿಗೂ ಹಕ್ಕಿರಲಿಲ್ಲ, ಹೊತ್ತೂ ಇರಲಿಲ್ಲ. ಎದ್ದು ಓಡಿದರು. ಚಪ್ಪಲಿ ಕೈಗೆ ಬಂತು. ಬಲೆ ಹೆಣೆಯುತ್ತಿದ್ದ ಮುದುಕರು ಎದ್ದು ದಾರಿ ಬಿಟ್ಟರು. ಅರವತ್ತೇಳರ ಗಡಿಯಾರದವರು ತಿರುವಿನಲ್ಲಿ ನಿಂತು ಏದುಸಿರು ಬಿಟ್ಟರೆ, ಆಕೆ "ಕೀ ಮುಗೀತಾ? ಬನ್ನಿ!" ಎಂದು ಎಳೆದಳು.

ಬಂದರಿನ ಖಾಲಿ ಕಟ್ಟೆ ಎದುರಾಗುತ್ತದೆ ಎಂದುಕೊಂಡು ತಿರುವು ದಾಟಿದರೆ, ಹಡಗು ಬೆಟ್ಟದ ಹಾಗೆ ಅಲ್ಲೇ ನಿಂತಿತ್ತು. ಏಣಿ ಇಳಿಸಿಯೇ ಇತ್ತು. ಏಣಿಯ ಬುಡದಲ್ಲಿ ಕ್ಯಾಪ್ಟನ್ ಶತಪಥ ಹಾಕುತ್ತಿದ್ದರು.

ಇವರನ್ನು ಕಂಡದ್ದೇ ಅವರ ಮುಖ ಅರಳಿತು. "ಬನ್ನಿ ಯಜಮಾನರೇ! ಅಂತೂ ಇಬ್ಬರಾದರೂ ಬಂದಿರಿ. ಐದೂ ಇಪ್ಪತ್ತಾಯ್ತು, ಇನ್ನೂರು ಜನರಲ್ಲಿ ಒಬ್ಬರೂ ಇಲ್ಲ. ಇಡೀ ಹಡಗೇ ಬಾರದಿದ್ದರೆ ಯಾರನ್ನ ಬಿಟ್ಟು ಹೋಗಲಿ? ವೇಳೆಯ ಬೆಲೆ ಗೊತ್ತಿದ್ದವರು ನೀವೊಬ್ಬರೇ!"

ಗಡಿಯಾರದವರು ಏದುಸಿರನ್ನು ನುಂಗಿ, ಎದೆ ಉಬ್ಬಿಸಿ, ವಿನಯದಿಂದ ತಲೆ ಬಾಗಿಸಿದರು. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಯಾರೋ ನಡುಹಾಲಿನ ಗಡಿಯಾರ ಕೆಡಿಸಿದ್ದಾರೆ. ಯಾರು ಅಂತ ನೀವೇ ಪತ್ತೆಮಾಡಿ ಕೊಡಬೇಕು" ಎಂದರು ಕ್ಯಾಪ್ಟನ್.

ಪತ್ತೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೀದಿಯ ಆ ತುದಿಯಿಂದ ಇನ್ನೂರು ಜನ ಹಣ್ಣು ಕಚ್ಚುತ್ತ, ಹರಟುತ್ತ, ಮಾವನ ಮನೆಗೆ ಬಂದ ಅಳಿಯಂದಿರಂತೆ ನಿಧಾನವಾಗಿ ಬರುತ್ತಿದ್ದರು. ಮುಂದೆ ಹೆಡ್‌ಮೇಡಂ.

"ಯಾಕೆ ಕ್ಯಾಪ್ಟನ್ ಗಾಬರಿ? ಐದಕ್ಕೆ ಇನ್ನೂ ಅರ್ಧ ಗಂಟೆ ಇದೆ! ಇದು ನಮ್ಮ ಗಡಿಯಾರದವರು ಸ್ಟೂಲು ಹತ್ತಿ ಸ್ವಂತ ಕೈಯಿಂದ ಇಟ್ಟುಕೊಟ್ಟ ಟೈಮು!"

ಕ್ಯಾಪ್ಟನ್ ನಿಧಾನವಾಗಿ ಗಡಿಯಾರದವರ ಕಡೆ ತಿರುಗಿದರು. ತಮ್ಮ ಅಪ್ಪಣೆಯನ್ನು ಕಾಗದದ ಮೇಲೆ ಬರೆದಷ್ಟು ಸ್ಪಷ್ಟವಾಗಿ ಹೇಳಿದರು.

ಹಡಗು ಬಂದರು ಬಿಟ್ಟಾಗ ಸರಿಯಾಗಿ ಆರು ಗಂಟೆ. ಐದಕ್ಕೇ ಹೊರಟಿದ್ದರೆ ಕಾಣದೆ ಹೋಗುತ್ತಿದ್ದ ಬಣ್ಣಗಳೆಲ್ಲ ನೀರಿನ ಮೇಲೆ ಹರಡಿದ್ದವು. ಕಟಾಂಜನದ ಹತ್ತಿರ ಹೆಂಡತಿ ಒಬ್ಬಳೇ ನಿಂತಿದ್ದಳು. ಗಡಿಯಾರದವರು ನಡುಹಾಲಿನಲ್ಲಿ, ದೊಡ್ಡ ಗಡಿಯಾರದ ಕೆಳಗೆ ಹಾಕಿದ ಪುಟ್ಟ ಮೇಜಿನ ಹಿಂದೆ, ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದರು. ಎದುರಿಗೆ ಇನ್ನೂರು ಜನರ ಸಾಲು. ಕ್ಯಾಪ್ಟನ್ನರ ಅಪ್ಪಣೆ: ಕೆಡಿಸಿದವರೇ ಪ್ರತಿಯೊಂದನ್ನೂ ಸರಿಮಾಡಿ ಕೊಡಬೇಕು, ಇನ್ನು ಮನೆ ಮುಟ್ಟುವ ತನಕ ಬೇರೆ ಯಾರೂ ಮುಳ್ಳು ಮುಟ್ಟಕೂಡದು.

"ಇದರ ಪಟ್ಟಿಯೂ ಸಡಿಲ, ಹಾಗೇ ನೋಡಿಬಿಡಿ" ಎಂದರು ಹಲ್ಲಿನ ಡಾಕ್ಟರು. ಮುಚ್ಚಿದ ಅಂಗಡಿ ಅಂತೂ ಸಮುದ್ರದ ಮೇಲೆ ತೆರೆಯಿತು.

ಕತ್ತಲಾಗುವ ಮುಂಚೆ ಸಾಲು ಮುಗಿಯಿತು. ಹೆಂಡತಿ ಕೆಳಗಿಳಿದು ಬಂದಳು. ಆಕೆಯ ಮುಖದಲ್ಲಿ ಆ ಬಣ್ಣ ಇನ್ನೂ ಇತ್ತು.

"ಹೇಗಿತ್ತೇ?" ಎಂದರು ಅವರು, ತಲೆ ಎತ್ತದೆ.

"ಪಕ್ಕದ ಜಾಗ ಖಾಲಿ ಇತ್ತು. ಉಳಿದದ್ದೆಲ್ಲ ಚೆನ್ನಾಗಿತ್ತು."

ಅವರು ಮೆಲ್ಲಗೆ ಎದ್ದರು. "ನಡಿ, ಈಗಲಾದರೂ ನಿಲ್ಲೋಣ."

ಅಷ್ಟರಲ್ಲಿ ಗೋಡೆಯ ಧ್ವನಿವರ್ಧಕ ಕೆಮ್ಮಿತು. ಕ್ಯಾಪ್ಟನ್ನರ ಧ್ವನಿ: "ಎಲ್ಲರ ಗಮನಕ್ಕೆ. ಮನೆ ಕಡೆ ಹೊರಟಿದ್ದೇವೆ, ನಾಳೆಯಿಂದ ಮತ್ತೆ ಒಂದು ಗಂಟೆ ಮುಂದಕ್ಕೆ."

ಆಗಷ್ಟೇ ಕರಗಿದ್ದ ಸಾಲು ಮೆಟ್ಟಿಲಿನ ಹತ್ತಿರ ಹಿಂದಿರುಗಿ ನೋಡಿತು. ಹೆಡ್‌ಮೇಡಂ ಎಲ್ಲರಿಗಿಂತ ಮುಂದೆ ಬಂದು ನಿಂತು ಮುಂಗೈ ಚಾಚಿದರು.

ಗಡಿಯಾರದವರು ಕುರ್ಚಿಯಲ್ಲಿ ಕುಸಿದರು. ಹೆಂಡತಿ ಬೆಳಗಿನ ಸ್ಟೂಲನ್ನು ಅವರ ಪಕ್ಕಕ್ಕೆ ಎಳೆದುಕೊಂಡು ಕೂತಳು.

"ಕೊಡಿ ಇತ್ಲಾಗೆ ಅರ್ಧ" ಎಂದಳು. "ಮುಳ್ಳು ತಿರುಗಿಸೋದು ನನಗೂ ಬರುತ್ತೆ."